ಮಧುಮೇಹಿಯ ಕಾಲಿಗೆ ಆಮ್ಲಜನಕದ ಕೊಠಡಿ: ಯಾರಿಗೆ, ಯಾವಾಗ?

ಹತ್ತು-ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ನಿಮ್ಮ ಮನೆಯಲ್ಲಿದ್ದಾರೆ ಎಂದುಕೊಳ್ಳಿ. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಿನ ಬುಡದಲ್ಲಿ ಒಂದು ನೀರುಗುಳ್ಳೆ ಎದ್ದಿತು. ನೋವಿರಲಿಲ್ಲ, ಹಾಗಾಗಿ ಅವರು ಯಾರಿಗೂ ಹೇಳಲಿಲ್ಲ. ಗುಳ್ಳೆ ಒಡೆದು ಹುಣ್ಣಾಯಿತು. ಅರಿಶಿನ ಹಚ್ಚಿದರು, ಕಾಫಿ ಪುಡಿ ಮೆತ್ತಿದರು, ಔಷಧಿ ಅಂಗಡಿಯಿಂದ ಮುಲಾಮು ತರಿಸಿದರು. ಎರಡು ತಿಂಗಳಾದರೂ ಹುಣ್ಣು ಮಾಯಲಿಲ್ಲ. ಕೊನೆಗೆ ಕೋಣೆಯಲ್ಲಿ ಕೆಟ್ಟ ವಾಸನೆ ಬಂದಾಗಲೇ ಮನೆಯವರಿಗೆ ವಿಷಯ ತಿಳಿದದ್ದು. ಆಸ್ಪತ್ರೆಯಲ್ಲಿ ವೈದ್ಯರು ಕಾಲನ್ನು ನೋಡಿ, "ಬೆರಳು ತೆಗೆಯಬೇಕು. ಮೇಲಕ್ಕೆ ಹಬ್ಬಿದರೆ ಮಂಡಿಯ ಕೆಳಗೆ ಕಾಲನ್ನೇ ತೆಗೆಯಬೇಕಾಗಬಹುದು" ಎಂದರು. ಅಂದು ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮರುದಿನ ನೋಡಲು ಬಂದ ನೆಂಟರೊಬ್ಬರು, "ಯಾಕೆ ಹೆದರ್ತೀರಿ? ಬೆಂಗಳೂರಲ್ಲಿ ಆಕ್ಸಿಜನ್ ಪೆಟ್ಟಿಗೆಯೊಳಗೆ ಮಲಗಿಸಿ ಕಾಲು ಉಳಿಸ್ತಾರಂತೆ" ಎಂದರು.

ಇಂಥ ಮಾತು ಕೇಳಿದ ಕೂಡಲೇ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಗುತ್ತದೆ. ಆದರೆ ಆ ಕಡ್ಡಿ ಎಷ್ಟು ಗಟ್ಟಿ? ನೆಂಟರು ಹೇಳಿದ್ದು ಸುಳ್ಳಲ್ಲ. ಅಂಥ ಚಿಕಿತ್ಸೆ ಇದೆ, ಕೆಲವರ ಕಾಲು ಉಳಿಸುವಲ್ಲಿ ಅದರ ಪಾಲೂ ಇದೆ. ಆದರೆ ಅದು ಎಲ್ಲರಿಗೂ ಅಲ್ಲ, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದಂತೂ ಅಲ್ಲವೇ ಅಲ್ಲ. ಮೊದಲು ಆಗಬೇಕಾದ ಕೆಲಸವನ್ನು ಬಿಟ್ಟು ಪೆಟ್ಟಿಗೆಯನ್ನು ಹುಡುಕಿಕೊಂಡು ಹೋದರೆ, ಉಳಿಯಬಹುದಾಗಿದ್ದ ಕಾಲು ಆ ಓಡಾಟದಲ್ಲೇ ಕೈತಪ್ಪುವ ಸಾಧ್ಯತೆಯಿದೆ. ಆದ್ದರಿಂದ ಈ ವಾರ ಅದರ ಬಗ್ಗೆ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಾಗಿತ್ತು. ಇದು ಯಾರದೋ ಮನೆಯ ಕತೆಯಲ್ಲ.

ಹುಣ್ಣು ಏಕೆ ಮಾಯುವುದಿಲ್ಲ?

ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಪಾದಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಮೊದಲನೆಯದು ನರಗಳಿಗೆ. ಪಾದದ ಸ್ಪರ್ಶಜ್ಞಾನ ನಿಧಾನವಾಗಿ ಮಂಕಾಗುತ್ತದೆ. ಜೋಮು, ಉರಿ, ಹತ್ತಿಯ ಮೇಲೆ ನಡೆದಂಥ ಅನುಭವ, ಕೊನೆಗೆ ಏನೂ ಇಲ್ಲ. ಚಪ್ಪಲಿಯೊಳಗೆ ಕಲ್ಲು ಸೇರಿದರೂ ಗೊತ್ತಾಗದು. ಕಾಲಿನಿಂದ ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ನಡೆಯುವವರಿದ್ದಾರೆ. ಎರಡನೆಯದು ರಕ್ತನಾಳಗಳಿಗೆ. ಕಾಲಿನ ಶುದ್ಧರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು, ಸುಣ್ಣದ ಅಂಶ ಕಟ್ಟಿಕೊಂಡು ದಾರಿ ಕಿರಿದಾಗುತ್ತದೆ. ಬೀಡಿ ಸಿಗರೇಟಿನ ಚಟವೂ ಇದ್ದರೆ ಈ ಕೆಲಸ ಇನ್ನಷ್ಟು ಬೇಗ ಆಗುತ್ತದೆ.

ಗಾಯ ಮಾಯುವುದೆಂದರೆ ದೇಹ ಒಂದು ಗೋಡೆಯನ್ನು ಹೊಸದಾಗಿ ಕಟ್ಟಿದಂತೆ. ಕೊಲಾಜೆನ್ ಎಂಬ ನಾರಿನಂಥ ವಸ್ತು ತಯಾರಾಗಬೇಕು, ಹೊಸ ಲೋಮನಾಳಗಳು ಚಿಗುರಬೇಕು, ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಬೇಕು. ಈ ಮೂರು ಕೆಲಸಕ್ಕೂ ಆಮ್ಲಜನಕ ಬೇಕು. ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿದರೂ ಆಮ್ಲಜನಕವಿಲ್ಲದಿದ್ದರೆ ಅದನ್ನು ಸರಿಯಾಗಿ ಸಾಯಿಸಲಾರವು. ಸೋಂಕು ತಗುಲಿದ ಪಾದ ಊದಿಕೊಳ್ಳುತ್ತದೆ. ಊತ ಸಣ್ಣ ನಾಳಗಳನ್ನು ಒತ್ತುತ್ತದೆ. ರಕ್ತ ಇನ್ನೂ ಕಡಿಮೆಯಾಗುತ್ತದೆ. ಆಮ್ಲಜನಕವಿಲ್ಲದ ಜಾಗದಲ್ಲೇ ಸೊಗಸಾಗಿ ಬೆಳೆಯುವ ಕೆಲವು ರೋಗಾಣುಗಳಿಗೆ ಇದು ಹಬ್ಬದೂಟ.

ಹಾಗಾದರೆ ಮೂಗಿಗೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರೆ ಸಾಲದೆ? ಸಾಲದು.

ಗೋಲಿ ಸೋಡಾದ ಪಾಠ

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕೆಂಪು ಕಣಗಳಲ್ಲಿರುವ ಹಿಮೊಗ್ಲೋಬಿನ್. ಅದನ್ನು ಒಂದು ಬಸ್ಸೆಂದು ತಿಳಿಯಿರಿ. ಆರೋಗ್ಯವಂತ ಶ್ವಾಸಕೋಶವುಳ್ಳವರಲ್ಲಿ ಈ ಬಸ್ಸಿನ ನೂರು ಸೀಟಿನಲ್ಲಿ ತೊಂಬತ್ತೇಳು ಸೀಟು ಸಾಧಾರಣ ಗಾಳಿಯಲ್ಲೇ ತುಂಬಿರುತ್ತವೆ. ನೀವು ಶುದ್ಧ ಆಮ್ಲಜನಕವನ್ನೇ ಉಸಿರಾಡಿದರೂ ಇನ್ನು ಹತ್ತುವವರು ಮೂರೇ ಮಂದಿ. ಆದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲೂ ಸ್ವಲ್ಪ ಆಮ್ಲಜನಕ ನೇರವಾಗಿ ಕರಗಿರುತ್ತದೆ. ಅದರ ಪ್ರಮಾಣ ಬಹಳ ಕಡಿಮೆ, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 0.3 ಮಿಲಿಲೀಟರ್ ಮಾತ್ರ. ಹೆಚ್ಚಿಸಲು ಸಾಧ್ಯವಿರುವುದು ಇದನ್ನೇ.

ಹೇಗೆ? ಗೋಲಿ ಸೋಡಾ ನೆನಪಿಸಿಕೊಳ್ಳಿ. ಒತ್ತಡ ಹಾಕಿ ನೀರಿನಲ್ಲಿ ಅನಿಲವನ್ನು ಕರಗಿಸಿ ಗೋಲಿಯಿಂದ ಮುಚ್ಚಿರುತ್ತಾರೆ. ಗೋಲಿ ಒತ್ತಿದೊಡನೆ ಒತ್ತಡ ಇಳಿದು ಅನಿಲ ಬುಸ್ಸೆಂದು ಹೊರಬರುತ್ತದೆ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆ ಎಂಬ ಈ ನಿಯಮವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ತಿಳಿಸಿದ್ದ. ಮನುಷ್ಯನನ್ನು ಭದ್ರವಾದ ಕೊಠಡಿಯಲ್ಲಿ ಕೂರಿಸಿ, ಒತ್ತಡವನ್ನು ಸಾಧಾರಣಕ್ಕಿಂತ ಮೂರು ಪಟ್ಟು ಏರಿಸಿ, ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದರೆ ಪ್ಲಾಸ್ಮಾದಲ್ಲಿ ಕರಗುವ ಪ್ರಮಾಣ 0.3ರಿಂದ ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ವಿಶ್ರಾಂತಿಯಲ್ಲಿರುವ ದೇಹದ ಅಗತ್ಯಕ್ಕೆ ಇಷ್ಟು ಹೆಚ್ಚುಕಡಿಮೆ ಸಾಕು.

ಇದು ಬರೀ ಲೆಕ್ಕಾಚಾರವಲ್ಲ. ಹಾಲೆಂಡಿನ ಆಮ್ಸ್ಟರ್‌ಡ್ಯಾಂ ನಗರದ ಶಸ್ತ್ರವೈದ್ಯ ಈಟೆ ಬೂರೆಮಾ ಮತ್ತು ಅವರ ಸಂಗಡಿಗರು ಹಂದಿಗಳ ಮೈಯಿಂದ ಬಹುತೇಕ ಎಲ್ಲ ಕೆಂಪು ಕಣಗಳನ್ನೂ ತೆಗೆದು, ಬದಲಿಗೆ ದ್ರವ ತುಂಬಿ, ಮೂರು ಪಟ್ಟು ಒತ್ತಡದ ಆಮ್ಲಜನಕದಲ್ಲಿ ಇಟ್ಟರು. ಹಂದಿಗಳು ಬದುಕಿದ್ದವು! ರಕ್ತವನ್ನು ಮರಳಿ ತುಂಬಿದ ಮೇಲೆ ಚೇತರಿಸಿಕೊಂಡವು. 1960ರಲ್ಲಿ ಪ್ರಕಟವಾದ ಈ ಪ್ರಯೋಗ ವೈದ್ಯಲೋಕದಲ್ಲಿ ಸಂಚಲನ ಉಂಟುಮಾಡಿತು. ಅದಕ್ಕೂ ಮೊದಲೇ ಆಳ ಸಮುದ್ರದಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ ಬರುವ ಕಾಯಿಲೆಗೆ ಒತ್ತಡದ ಕೊಠಡಿಯೇ ಚಿಕಿತ್ಸೆಯಾಗಿತ್ತು. ನಮ್ಮಲ್ಲೂ ನೌಕಾಪಡೆಗೆ ಈ ಕೊಠಡಿಗಳ ಪರಿಚಯ ಚೆನ್ನಾಗಿದೆ. ಮಧುಮೇಹಿಯ ಕಾಲಿಗೆ ಅದು ಬಂದದ್ದು ನಂತರ. ವೈದ್ಯರು ಇದನ್ನು ಹೈಪರ್‌ಬ್ಯಾರಿಕ್ ಆಕ್ಸಿಜನ್ ಚಿಕಿತ್ಸೆ ಎನ್ನುತ್ತಾರೆ. ನಾವು ಒತ್ತಡದ ಆಮ್ಲಜನಕ ಎನ್ನೋಣ.

ಪ್ಲಾಸ್ಮಾದಲ್ಲಿ ಹೀಗೆ ಕರಗಿದ ಆಮ್ಲಜನಕ ಲೋಮನಾಳದಿಂದ ಮೊದಲಿಗಿಂತ ಹೆಚ್ಚು ದೂರದವರೆಗೆ ಇಂಗುತ್ತದೆ. ಹಸಿದಿದ್ದ ಜೀವಕೋಶಗಳಿಗೆ ದಿನಕ್ಕೆ ಒಂದೂವರೆ ಗಂಟೆಯಾದರೂ ಹೊಟ್ಟೆ ತುಂಬ ಸಿಗುತ್ತದೆ. ಊತ ಇಳಿಯುತ್ತದೆ, ಹೊಸ ಲೋಮನಾಳಗಳು ಚಿಗುರಲು ಪ್ರಚೋದನೆ ದೊರೆಯುತ್ತದೆ.

ಇಲ್ಲೊಂದು ಮಾತನ್ನು ಗಮನಿಸಿ. ಬಸ್ಸಿನಲ್ಲಿ ಸೀಟಿನ ಮೇಲೆ ಮಾತ್ರವಲ್ಲ, ಟಾಪಿನ ಮೇಲೂ ಜನರನ್ನು ಹತ್ತಿಸಿದ್ದೇವೆ, ಸರಿ. ಆದರೆ ಊರಿಗೆ ಹೋಗುವ ರಸ್ತೆಯೇ ಮುಚ್ಚಿದ್ದರೆ? ಕರಗಿದ ಆಮ್ಲಜನಕವೂ ರಕ್ತದ ಜೊತೆಯಲ್ಲೇ ಪಾದ ತಲುಪಬೇಕು. ಮಂಡಿಯ ಕೆಳಗಿನ ನಾಳಗಳು ಪೂರ್ತಿ ಕಟ್ಟಿಕೊಂಡಿದ್ದರೆ ಎಷ್ಟು ಒತ್ತಡ ಹಾಕಿದರೂ ಬೆರಳಿಗೆ ಏನೂ ತಲುಪದು. ಈ ಚಿಕಿತ್ಸೆಯ ಬಗ್ಗೆ ನೀವು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ.

ಕೊಠಡಿಯೊಳಗೆ ಏನಾಗುತ್ತದೆ?

ಕೊಠಡಿಯಲ್ಲಿ ಎರಡು ಬಗೆ. ಒಂದು, ಒಬ್ಬರೇ ಮಲಗುವಂಥ ಪಾರದರ್ಶಕ ಕೊಳವೆ. ಅದರ ತುಂಬ ಆಮ್ಲಜನಕವನ್ನೇ ತುಂಬುತ್ತಾರೆ. ಇನ್ನೊಂದು, ಹಲವರು ಕುಳಿತುಕೊಳ್ಳಬಹುದಾದ ಉಕ್ಕಿನ ಕೋಣೆ. ಅಲ್ಲಿ ಕೋಣೆಯಲ್ಲಿ ಒತ್ತಡದ ಗಾಳಿ ಇರುತ್ತದೆ, ಆಮ್ಲಜನಕವನ್ನು ಮಾಸ್ಕ್ ಅಥವಾ ತಲೆಗೆ ಹಾಕುವ ಪಾರದರ್ಶಕ ಮುಸುಕಿನ ಮೂಲಕ ಕೊಡುತ್ತಾರೆ. ಕಾಲಿನ ಹುಣ್ಣಿಗೆ ಸಾಮಾನ್ಯವಾಗಿ ಬಳಸುವ ಒತ್ತಡ ಸಾಧಾರಣಕ್ಕಿಂತ ಎರಡರಿಂದ ಎರಡೂವರೆ ಪಟ್ಟು. ಅಂದರೆ ಸಮುದ್ರದಲ್ಲಿ 10ರಿಂದ 15 ಮೀಟರ್ ಆಳದಲ್ಲಿದ್ದಂತೆ. ಒಂದು ಸರದಿ ಸುಮಾರು 90 ನಿಮಿಷ. ವಾರಕ್ಕೆ ಐದು ದಿನದಂತೆ 30ರಿಂದ 40 ಸರದಿ. ಲೆಕ್ಕ ಹಾಕಿದರೆ ಆರರಿಂದ ಎಂಟು ವಾರ.

ನೋವೇನೂ ಇಲ್ಲ. ಒತ್ತಡ ಏರುವಾಗ ಕೊಠಡಿ ಸ್ವಲ್ಪ ಬೆಚ್ಚಗಾಗುತ್ತದೆ, ಕಿವಿ ಕಟ್ಟಿದಂತಾಗುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಇಳಿಯುವಾಗ ಆಗುತ್ತದಲ್ಲ, ಹಾಗೆಯೇ, ಇನ್ನೂ ಸ್ವಲ್ಪ ಜೋರಾಗಿ. ಉಗುಳು ನುಂಗಿದರೆ, ಮೂಗು ಹಿಡಿದು ಮೆಲ್ಲನೆ ಊದಿದರೆ ಕಿವಿ ಬಿಡುತ್ತದೆ. ನೆಗಡಿ ಇರುವಾಗ ಇದು ಆಗದು, ಕಿವಿತಮಟೆಗೆ ಏಟಾಗಬಹುದು. ಆದ್ದರಿಂದ ನೆಗಡಿಯಿದ್ದರೆ ಮುಚ್ಚಿಡದೆ ಹೇಳಬೇಕು.

ಪರೀಕ್ಷೆಗಳು ಏನು ಹೇಳುತ್ತವೆ?

ಗುಣವಾದವರ ಮಾತು ಕೇಳಿ ಚಿಕಿತ್ಸೆಯ ಬೆಲೆ ಕಟ್ಟಲಾಗದು. ಗುಣವಾಗದವರು ಮಾತನಾಡಲು ಬರುವುದಿಲ್ಲ. ಹಾಗಾಗಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಚಿಕಿತ್ಸೆ ಕೊಟ್ಟು ಹೋಲಿಸಬೇಕು.

ಸ್ವೀಡನ್ನಿನಲ್ಲಿ ಹಾಗೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗಿಂತ ಹಳೆಯ ಹುಣ್ಣಿದ್ದ 94 ಮಧುಮೇಹಿಗಳು ಅದರಲ್ಲಿದ್ದರು. ಎಲ್ಲರೂ ಕೊಠಡಿಯೊಳಗೆ ಹೋದರು. ಒಂದು ಗುಂಪಿಗೆ ಆಮ್ಲಜನಕ, ಇನ್ನೊಂದಕ್ಕೆ ಬರೀ ಗಾಳಿ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಹುಣ್ಣು ನೋಡುವ ವೈದ್ಯರಿಗೂ ಗೊತ್ತಿಲ್ಲ. ವರ್ಷದ ಕೊನೆಗೆ ಆಮ್ಲಜನಕ ಪಡೆದವರಲ್ಲಿ ಶೇ. 52 ಮಂದಿಯ ಹುಣ್ಣು ಮಾಯಿತ್ತು, ಗಾಳಿ ಪಡೆದವರಲ್ಲಿ ಶೇ. 29. ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಕೆನಡಾದಿಂದ 103 ರೋಗಿಗಳ ಇನ್ನೊಂದು ವರದಿ ಬಂತು. ಅಲ್ಲೂ ಗಾಳಿ ಮತ್ತು ಆಮ್ಲಜನಕದ ಹೋಲಿಕೆಯೇ. ಹನ್ನೆರಡು ವಾರಗಳ ನಂತರ ನೋಡಿದರೆ ಹುಣ್ಣು ಮಾಯುವುದರಲ್ಲಾಗಲಿ, ಕಾಲು ತೆಗೆಯಬೇಕಾದ ಸ್ಥಿತಿಗೆ ತಲುಪುವುದರಲ್ಲಾಗಲಿ ವ್ಯತ್ಯಾಸವೇ ಇರಲಿಲ್ಲ. 2018ರಲ್ಲಿ ಪ್ರಕಟವಾದ ಹಾಲೆಂಡಿನ ಅಧ್ಯಯನದಲ್ಲಿ ರಕ್ತಸಂಚಾರ ಕಡಿಮೆಯಿದ್ದ 120 ರೋಗಿಗಳಿದ್ದರು. ಒಂದು ವರ್ಷದ ಬಳಿಕ ಒತ್ತಡದ ಆಮ್ಲಜನಕಕ್ಕೆಂದು ಆಯ್ಕೆಯಾದ 60 ಮಂದಿಯಲ್ಲಿ 53 ಜನರ ಕಾಲು ಉಳಿದಿತ್ತು, ಬರೀ ಮಾಮೂಲಿ ಚಿಕಿತ್ಸೆ ಪಡೆದ 60ರಲ್ಲಿ 47 ಜನರದು. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು ಎಂದು ಸಂಖ್ಯಾಶಾಸ್ತ್ರ ಹೇಳಿತು. ಇನ್ನೊಂದು ಸಂಗತಿಯೂ ಆ ಅಧ್ಯಯನದಲ್ಲಿ ಎದ್ದುಕಂಡಿತು. ಚಿಕಿತ್ಸೆಗೆ ಆಯ್ಕೆಯಾದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಅದನ್ನು ಪೂರ್ತಿ ಮಾಡಲಾಗಲಿಲ್ಲ. ಹೃದಯ, ಮೂತ್ರಪಿಂಡ ಎಲ್ಲ ಸೊರಗಿರುವ ಇಂಥ ರೋಗಿಗಳಿಗೆ ಎರಡು ತಿಂಗಳು ದಿನವೂ ಓಡಾಡುವುದೇ ದೊಡ್ಡ ಶ್ರಮ. ಹಾಲೆಂಡಿನಲ್ಲೇ ಹೀಗಾದರೆ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವ ನಮ್ಮವರ ಪಾಡು ಊಹಿಸಿ.

ಇವನ್ನೆಲ್ಲ ತೂಗಿ ನೋಡಿದ ಮಧುಮೇಹಿ ಪಾದದ ಅಂತರರಾಷ್ಟ್ರೀಯ ತಜ್ಞರ ತಂಡ 2023ರ ಮಾರ್ಗಸೂಚಿಯಲ್ಲಿ ಎಚ್ಚರಿಕೆಯ ಮಾತಾಡಿದೆ. ರಕ್ತಸಂಚಾರದ ಕೊರತೆಯಿಂದ ಆದ ಹುಣ್ಣು ಮಾಮೂಲಿ ಉತ್ತಮ ಚಿಕಿತ್ಸೆಗೆ ಬಗ್ಗದಿದ್ದರೆ, ಸೌಲಭ್ಯ ಇರುವ ಕಡೆ, ಆ ಚಿಕಿತ್ಸೆಯ ಜೊತೆಗೆ ಇದನ್ನೂ ಪರಿಗಣಿಸಬಹುದು ಎಂಬುದು ಅದರ ಸಾರ. 'ಜೊತೆಗೆ' ಎಂಬ ಪದವನ್ನು ಗಮನಿಸಿ, 'ಬದಲಿಗೆ' ಎಂದಲ್ಲ. ಅಮೆರಿಕದಲ್ಲಿ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ 2003ರಿಂದ ಈ ಚಿಕಿತ್ಸೆಗೆ ಹಣ ಕೊಡುತ್ತಿದೆ, ಆದರೆ ಕಟ್ಟುನಿಟ್ಟಾದ ಷರತ್ತಿನ ಮೇಲೆ. ಹುಣ್ಣು ಕೀವು ತುಂಬುವಷ್ಟು ಅಥವಾ ಮೂಳೆಗೆ ಸೋಂಕು ತಗಲುವಷ್ಟು ಆಳವಾಗಿರಬೇಕು ಇಲ್ಲವೆ ಅದಕ್ಕಿಂತ ಮುಂದುವರಿದಿರಬೇಕು. 30 ದಿನ ಸರಿಯಾದ ಚಿಕಿತ್ಸೆ ಕೊಟ್ಟರೂ ಅಳೆದು ತೋರಿಸುವಂಥ ಸುಧಾರಣೆ ಕಂಡಿರಬಾರದು. ಕೊಠಡಿಯ ಚಿಕಿತ್ಸೆ ಆರಂಭಿಸಿದ ಮೇಲೂ 30 ದಿನದೊಳಗೆ ಹುಣ್ಣು ಚಿಕ್ಕದಾಗದಿದ್ದರೆ ಹಣ ನಿಲ್ಲುತ್ತದೆ. ಶ್ರೀಮಂತ ದೇಶದ ವಿಮೆಯೇ ಇಷ್ಟು ಲೆಕ್ಕ ಹಾಕುವಾಗ, ಕೈಯಿಂದ ದುಡ್ಡು ಹಾಕುವ ನಾವು ಹಾಕಬಾರದೇಕೆ?

ಮೊದಲು ಆಗಬೇಕಾದ ಕೆಲಸ

ಆ 'ಸರಿಯಾದ ಚಿಕಿತ್ಸೆ' ಎಂದರೇನು? ನನ್ನ ದೃಷ್ಟಿಯಲ್ಲಿ ಇದೇ ಈ ಲೇಖನದ ಮುಖ್ಯ ಭಾಗ.

ನಮ್ಮಲ್ಲಿ ಅತಿ ಹೆಚ್ಚು ಕಡೆಗಣಿಸುವುದು ಹುಣ್ಣಿನ ಮೇಲಿನ ಭಾರವನ್ನು. ದಿನವೂ ಡ್ರೆಸ್ಸಿಂಗ್ ಮಾಡಿಸಿಕೊಂಡು ಅದೇ ಕಾಲನ್ನು ಊರಿಕೊಂಡು ಮನೆಗೆ ನಡೆದುಬರುವವರನ್ನು ನೀವೇ ನೋಡಿರುತ್ತೀರಿ. ನೋವಿದ್ದವನು ಕುಂಟುತ್ತಾನೆ, ಆ ಕುಂಟುವಿಕೆಯೇ ಗಾಯಕ್ಕೆ ವಿಶ್ರಾಂತಿ. ನೋವಿಲ್ಲದ ಮಧುಮೇಹಿ ಹುಣ್ಣಿನ ಮೇಲೆಯೇ ತುಳಿದು ನಡೆಯುತ್ತಾನೆ. ಈ ಸತ್ಯ ತಿಳಿದದ್ದು ಕುಷ್ಠರೋಗಿಗಳಿಂದ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ತಾವಾಗಿ ಕೊಳೆತು ಬೀಳುವುದಿಲ್ಲ, ನೋವಿನ ಅರಿವಿಲ್ಲದೆ ಮತ್ತೆ ಮತ್ತೆ ಆಗುವ ಗಾಯದಿಂದ ಸವೆದುಹೋಗುತ್ತವೆ ಎಂದು ಕಂಡುಕೊಂಡರು. 1960ರ ದಶಕದಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅದೇ ಪಾಠವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಪಾದದಿಂದ ಮಂಡಿಯ ಕೆಳಗಿನವರೆಗೆ ಮೈಗೆ ಅಂಟಿದಂತೆ ಹಾಕುವ ವಿಶೇಷ ಪಟ್ಟಿ ಭಾರವನ್ನು ಇಡೀ ಅಂಗಾಲಿಗೆ ಮತ್ತು ಮೊಣಕಾಲಿನ ಕೆಳಭಾಗಕ್ಕೆ ಹಂಚಿಬಿಡುತ್ತದೆ. ರಕ್ತಸಂಚಾರ ಚೆನ್ನಾಗಿದ್ದು ಸೋಂಕಿಲ್ಲದ ಅಂಗಾಲಿನ ಹುಣ್ಣು ಎಷ್ಟೋ ಸಲ ಇಷ್ಟರಿಂದಲೇ ಕೆಲವು ವಾರಗಳಲ್ಲಿ ಮಾಯುತ್ತದೆ. ಅಂಥವರಿಗೆ ಕೊಠಡಿಯ ಅಗತ್ಯವೇ ಬರುವುದಿಲ್ಲ.

ಎರಡನೆಯದು ಆ ಮುಚ್ಚಿದ ರಸ್ತೆ. ವೈದ್ಯರು ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರೇ? ಡಾಪ್ಲರ್ ಪರೀಕ್ಷೆ ಆಯಿತೇ? ತೋಳಿನ ಮತ್ತು ಹರಡಿನ ರಕ್ತದೊತ್ತಡವನ್ನು ಹೋಲಿಸಿ ನೋಡುವ ಸರಳ ಪರೀಕ್ಷೆಯಿದೆ. ಮಧುಮೇಹಿಗಳಲ್ಲಿ ನಾಳಗಳು ಸುಣ್ಣಗಟ್ಟಿ ಗಡುಸಾಗಿರುವುದರಿಂದ ಇದು ಕೆಲವೊಮ್ಮೆ ಸುಳ್ಳು ಧೈರ್ಯ ಕೊಡುತ್ತದೆ. ಆಗ ಕಾಲ್ಬೆರಳಿನ ರಕ್ತದೊತ್ತಡ ನೋಡುತ್ತಾರೆ. ಅಡಚಣೆ ಕಂಡರೆ ರಕ್ತನಾಳ ತಜ್ಞರು ಆಂಜಿಯೋಗ್ರಾಂ ಮಾಡಿ, ಬಲೂನು ಹಾಕಿ ದಾರಿ ಬಿಡಿಸಬಹುದು, ಇಲ್ಲವೆ ಬೈಪಾಸ್ ಮಾಡಬಹುದು. ಆಂಜಿಯೋಪ್ಲಾಸ್ಟಿ ಎಂದರೆ ಹೃದಯಕ್ಕೆ ಮಾತ್ರ ಎಂದು ತಿಳಿದವರು ಬಹಳ. ಕಾಲಿಗೂ ಉಂಟು. ನಾಳ ತೆರೆಯಲು ಸಾಧ್ಯವಿದ್ದಾಗ ಅದನ್ನು ಬಿಟ್ಟು ಕೊಠಡಿಗೆ ಹೋಗುವುದು ಹಣ ಚೆಲ್ಲಿದಂತೆ.

ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುವುದು, ಮೂಳೆಗೆ ಸೋಂಕು ತಗುಲಿದೆಯೇ ಎಂದು ನೋಡುವುದು, ತಕ್ಕ ಪ್ರತಿಜೀವಕ ಔಷಧಿ, ಸಕ್ಕರೆಯ ಹತೋಟಿ, ಇವನ್ನು ಬೇರೆ ಹೇಳಬೇಕಿಲ್ಲ. ಬೀಡಿಯ ಬಗ್ಗೆ ಮಾತ್ರ ಹೇಳಲೇಬೇಕು. ತೊಂಬತ್ತು ನಿಮಿಷ ಆಮ್ಲಜನಕ ಕುಡಿದು ಹೊರಬಂದು ಆಸ್ಪತ್ರೆಯ ಗೇಟಿನ ಬಳಿ ಬೀಡಿ ಹಚ್ಚಿದರೆ, ಆ ಹೊಗೆ ನಾಳಗಳನ್ನು ಕುಗ್ಗಿಸಿ, ಗಳಿಸಿದ್ದನ್ನು ಅಲ್ಲೇ ಕಳೆಯುತ್ತದೆ.

ಇಷ್ಟೆಲ್ಲ ಆಗಿಯೂ ಹುಣ್ಣು ತಿಂಗಳುಗಟ್ಟಲೆ ಹಠ ಹಿಡಿದರೆ, ನಾಳ ತೆರೆಯಲು ಆಗದು ಅಥವಾ ತೆರೆದರೂ ಸಾಲದು ಎಂದು ತಜ್ಞರು ಹೇಳಿದರೆ, ಆಗ ಒತ್ತಡದ ಆಮ್ಲಜನಕದ ಸರದಿ. ಆಗಲೂ ಒಂದು ಪರೀಕ್ಷೆ ಮಾಡಿಸಬಹುದು. ಹುಣ್ಣಿನ ಪಕ್ಕದ ಚರ್ಮದ ಮೇಲೆ ಸಣ್ಣ ಬಿಲ್ಲೆಯಂಥ ಸಾಧನ ಅಂಟಿಸಿ ಅಲ್ಲಿನ ಆಮ್ಲಜನಕವನ್ನು ಅಳೆಯುತ್ತಾರೆ. ಸಾಧಾರಣ ಗಾಳಿಯಲ್ಲಿ 40ಕ್ಕಿಂತ ಕಡಿಮೆಯಿದ್ದರೆ ಆ ಜಾಗ ಆಮ್ಲಜನಕಕ್ಕೆ ಹಸಿದಿದೆ ಎಂದರ್ಥ. ಕೊಠಡಿಯೊಳಗೆ ಅದೇ ಅಳತೆ 200ನ್ನು ದಾಟಿದರೆ ಚಿಕಿತ್ಸೆ ಫಲಿಸುವ ಸಂಭವ ಹೆಚ್ಚು. ಏರದೆ ಅಲ್ಲೇ ನಿಂತರೆ ನಲವತ್ತು ದಿನ ಮಲಗಿದರೂ ಪ್ರಯೋಜನ ಕಡಿಮೆ. ನೀವು ಹೋಗುವ ಕೇಂದ್ರದಲ್ಲಿ ಈ ಪರೀಕ್ಷೆ ಇದೆಯೇ ಎಂದು ವಿಚಾರಿಸಿ.

ಇನ್ನೊಂದು ಸ್ಥಿತಿಯಿದೆ, ಅಲ್ಲಿ ವಿಚಾರಿಸುತ್ತ ಕೂರುವಂತಿಲ್ಲ. ಪಾದ ಊದಿ ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ, ಜ್ವರ ಚಳಿ ಬಂದರೆ, ಕೀವು ಸುರಿದು ದುರ್ವಾಸನೆ ಬರುತ್ತಿದ್ದರೆ, ಚರ್ಮ ಕಪ್ಪಾಗುತ್ತಿದ್ದರೆ, ಒತ್ತಿದಾಗ ಒಳಗೆ ಗಾಳಿಯಿದ್ದಂತೆ ಚರಚರ ಎನಿಸಿದರೆ ಅದೇ ದಿನ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೀವನ್ನು ಹೊರಬಿಡಲು, ಕೊಳೆತದ್ದನ್ನು ತೆಗೆಯಲು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ. ಬೆರಳು ಕೊಟ್ಟು ಕಾಲು ಉಳಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಸಂಶಯವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಆದರೆ ಆ ಕೆಲಸ ಗಂಟೆಗಳಲ್ಲಿ ಆಗಬೇಕು, ವಾರಗಳಲ್ಲಲ್ಲ.

ತಲೆಗೆ ಎಣ್ಣೆ ಬೇಡ

ಅಪಾಯಗಳೂ ಉಂಟು. ಶ್ವಾಸಕೋಶದ ಪೊರೆಯ ನಡುವೆ ಗಾಳಿ ಸೇರಿಕೊಂಡು, ಅದಕ್ಕೆ ಚಿಕಿತ್ಸೆ ಆಗಿರದವರು ಕೊಠಡಿಗೆ ಹೋಗಲೇಬಾರದು. ತೀವ್ರ ಉಬ್ಬಸ, ಹಳೆಯ ಶ್ವಾಸಕೋಶದ ಕಾಯಿಲೆ, ಮೂರ್ಛೆರೋಗ, ಹೃದಯದ ದೌರ್ಬಲ್ಯ, ಕ್ಯಾನ್ಸರಿಗೆ ಕೆಲವು ಔಷಧಿ ಪಡೆದಿರುವುದು, ಇವನ್ನೆಲ್ಲ ಮೊದಲೇ ಹೇಳಬೇಕು. ಹೆಚ್ಚು ಆಮ್ಲಜನಕದಿಂದ ಸೆಳೆತ ಬರುವುದುಂಟು, ಆದರೆ ಬಹಳ ಅಪರೂಪ. ಹತ್ತಾರು ಸರದಿಗಳ ನಂತರ ಕೆಲವರಿಗೆ ದೂರದ್ದು ಮಸುಕಾಗಿ ಕಾಣುತ್ತದೆ. ಚಿಕಿತ್ಸೆ ನಿಂತ ಮೇಲೆ ವಾರ-ತಿಂಗಳುಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಅವಸರದಲ್ಲಿ ಹೊಸ ಕನ್ನಡಕ ಮಾಡಿಸಬೇಡಿ. ಇಕ್ಕಟ್ಟಿನ ಜಾಗವೆಂದರೆ ಉಸಿರು ಕಟ್ಟುವವರಿಗೆ ಒಂಟಿ ಕೊಳವೆ ಕಷ್ಟ, ದೊಡ್ಡ ಕೋಣೆ ಮೇಲು.

ಮಧುಮೇಹಿಗಳು ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು ರಕ್ತದ ಸಕ್ಕರೆ. ಕೊಠಡಿಯೊಳಗೆ ಅದು ಇಳಿಯುತ್ತದೆ. ಇನ್ಸುಲಿನ್ ಚುಚ್ಚಿಕೊಂಡು, ತಿಂಡಿ ಬಿಟ್ಟು ಮೊದಲ ಬಸ್ಸಿಗೆ ಹೊರಟು ಬಂದವರಿಗೆ ಒಳಗೆ ಬೆವರು, ನಡುಕ ಶುರುವಾಗಬಹುದು. ಒತ್ತಡವನ್ನು ನಿಧಾನವಾಗಿ ಇಳಿಸಿದ ಮೇಲಷ್ಟೇ ಬಾಗಿಲು ತೆರೆಯಲು ಬರುವುದು. ಆದ್ದರಿಂದ ತಿಂದು ಹೋಗಿ. ಪ್ರತಿ ಸರದಿಗೂ ಮೊದಲು ಸಕ್ಕರೆ ನೋಡಬೇಕೆಂದು ಕೇಳಿ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಶುದ್ಧ ಆಮ್ಲಜನಕದಲ್ಲಿ ಒಂದು ಕಿಡಿ ಸಾಕು. 1997ರಲ್ಲಿ ಇಟಲಿಯ ಮಿಲಾನ್ ನಗರದ ಆಸ್ಪತ್ರೆಯೊಂದರ ಕೊಠಡಿಗೆ ಬೆಂಕಿ ಹತ್ತಿ 11 ಮಂದಿ ಸತ್ತರು. ಕೈ ಬೆಚ್ಚಗಿಡುವ ಪುಟ್ಟ ಸಾಧನವೊಂದನ್ನು ರೋಗಿಯೊಬ್ಬರು ಒಳಗೆ ಒಯ್ದಿದ್ದರು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕೇಂದ್ರವೊಂದರಲ್ಲಿ ಐದು ವರ್ಷದ ಮಗು ಇಂಥದೇ ಬೆಂಕಿಗೆ ಬಲಿಯಾಯಿತು. ಆದ್ದರಿಂದ ಕೇಂದ್ರದವರು ಕೊಡುವ ಶುದ್ಧ ಹತ್ತಿಯ ಉಡುಪನ್ನೇ ತೊಡಬೇಕು. ನೈಲಾನ್, ಪಾಲಿಯೆಸ್ಟರ್ ಬೇಡ. ತಲೆಗೆ ಕೊಬ್ಬರಿ ಎಣ್ಣೆ, ಮೈಗೆ ನೋವಿನ ಮುಲಾಮು, ತುಟಿಗೆ ವ್ಯಾಸಲೀನ್, ಸೆಂಟು ಯಾವುದೂ ಬೇಡ. ಮೊಬೈಲು, ಕೈಗಡಿಯಾರ, ಕಿವಿಯ ಯಂತ್ರ, ಬೆಂಕಿಪೊಟ್ಟಣ ಎಲ್ಲ ಹೊರಗೆ. ನಿಮ್ಮನ್ನು ಹೀಗೆ ತಪಾಸಣೆ ಮಾಡದೆ ಒಳಗೆ ಬಿಡುವ ಕೇಂದ್ರವಾದರೆ ಅಲ್ಲಿಂದಲೇ ಹಿಂದಿರುಗುವುದು ಒಳ್ಳೆಯದು.

ಖರ್ಚಿನ ಮಾತು

ಒಂದೊಂದು ಸರದಿಗೂ ಸಾವಿರಗಟ್ಟಲೆ ರೂಪಾಯಿ ಆಗುವುದುಂಟು. ಅದನ್ನು ನಲವತ್ತರಿಂದ ಗುಣಿಸಿ, ಪಟ್ಟಣದಲ್ಲಿ ಎರಡು ತಿಂಗಳ ವಾಸ, ಜೊತೆಗಿರುವವರ ಕೂಲಿ ನಷ್ಟ ಎಲ್ಲ ಕೂಡಿಸಿ ನೋಡಿ. ವಿಮೆ ಇದ್ದರೆ ಈ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ನಲವತ್ತು ಸರದಿಯ ಹಣವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವ ಕಡೆ ಹಿಂಜರಿಯಿರಿ. ವಾರಕ್ಕೊಮ್ಮೆ ಹುಣ್ಣಿನ ಉದ್ದ, ಅಗಲ, ಆಳ ಅಳೆದು ಬರೆದಿಡಲು ಹೇಳಿ. ತಿಂಗಳಾದರೂ ಅಳತೆ ಇಳಿಯದಿದ್ದರೆ ಮುಂದುವರಿಸುವುದಕ್ಕೆ ಕಾರಣ ಕೇಳಿ.

ಹೆಸರಿನ ಗೊಂದಲಕ್ಕೂ ಬಲಿಯಾಗಬೇಡಿ. ಕಾಲಿಗೆ ಮಾತ್ರ ಪ್ಲಾಸ್ಟಿಕ್ ಚೀಲ ಕಟ್ಟಿ ಆಮ್ಲಜನಕ ಬಿಡುವುದು ಬೇರೆ ಚಿಕಿತ್ಸೆ. ಓಝೋನ್ ಬೇರೆ. ಸೌಂದರ್ಯ ಕೇಂದ್ರಗಳಲ್ಲಿ ಕಾಣುವ, ಗಾಳಿ ತುಂಬಿದ ಗುಡಾರದಂಥ ಮೆತ್ತನೆಯ ಕೊಠಡಿಗಳಲ್ಲಿ ಒತ್ತಡ ಸಾಧಾರಣಕ್ಕಿಂತ 1.3 ಪಟ್ಟಿನ ಆಸುಪಾಸು ಅಷ್ಟೆ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಬಳಸಿದ್ದು ಅದಲ್ಲ.

ಹುಣ್ಣು ಮಾಯಿತು, ಸಂತೋಷ. ಕೊಠಡಿಯಿಂದ ಮಾಯಿತೋ, ಪಟ್ಟಿಯಿಂದ ಮಾಯಿತೋ, ಮುಂದಿನ ಲೆಕ್ಕ ಒಂದೇ. ಮಾಯಿದ ಹುಣ್ಣು ಒಂದು ವರ್ಷದೊಳಗೆ ಮರುಕಳಿಸುವುದು ನೂರರಲ್ಲಿ ಸುಮಾರು ನಲವತ್ತು ಮಂದಿಗೆ. ಹಳೆಯ ಚಪ್ಪಲಿಯನ್ನು ಮತ್ತೆ ಹಾಕಬೇಡಿ. ಎಂಸಿಆರ್ ಎಂದು ಕರೆಯುವ ಮೆತ್ತನೆಯ ರಬ್ಬರಿನ ಚಪ್ಪಲಿಗಳು ಸಿಗುತ್ತವೆ, ಹಿಮ್ಮಡಿಗೆ ಪಟ್ಟಿಯಿರುವಂಥದ್ದನ್ನು ಕೊಳ್ಳಿ. ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಹಾಕುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ದೇವಸ್ಥಾನಕ್ಕೆ ಬೆಳಗಿನ ಹೊತ್ತೇ ಹೋಗಿ ಬನ್ನಿ, ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಹಾಸು ಅಂಗಾಲನ್ನು ಸುಟ್ಟರೂ ನಿಮಗೆ ತಿಳಿಯದು. ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು, ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಗೆ ಹೇಳಿ. ಒಮ್ಮೆ ಹುಣ್ಣಾದವರು ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದವನ್ನು ವೈದ್ಯರಿಗೆ ತೋರಿಸಬೇಕು, ಎರಡೂ ಪಾದಗಳನ್ನು.